ಗಾಡಿಯ ದೋಷಕ್ಕೆ ದೂರು ಕೊಡುವುದು ಹೇಗೆ: ಕೊಡಗಿನಲ್ಲಿ ಕಾರು ಓಡಿಸುವವರಿಗೆ

ಸರ್ವೀಸ್ ಸೆಂಟರಿನ ಕೌಂಟರ್ ಮುಂದೆ ನಿಂತು ಎಷ್ಟು ಕೂಗಾಡಿದರೂ ಅದು ದೂರು ಅಲ್ಲ. ನೀವು ಬರೆದು ಕೊಟ್ಟು, ಅವರು ತಗೊಂಡು ಸಹಿ ಹಾಕಿದರೆ ಮಾತ್ರ ದೂರು. ಬ್ರೇಕ್ ಹಿಡಿಯದ ಕಾರು, ಓಡುತ್ತಿರುವಾಗಲೇ ಆಫ್ ಆಗುವ ಎಂಜಿನ್, ಆರದೇ ಉರಿಯುವ ಏರ್‌ಬ್ಯಾಗ್ ಲೈಟ್, ಇಂಥ ಕೇಸುಗಳು ಹಾಳಾಗುವುದು ಮೊದಲ ದಿನದ ಜಾಬ್ ಕಾರ್ಡಿನಲ್ಲೇ, ಅಂದರೆ ಗಾಡಿ ಬಿಡುವಾಗ ನಿಮ್ಮ ದೂರು ಬರೆದುಕೊಳ್ಳುವ ಕಾಗದದಲ್ಲೇ. ಅದರಲ್ಲಿ 'ಬ್ರೇಕ್ ಚೆಕ್' ಅಂತ ಎರಡೇ ಪದ ಇರುತ್ತದೆ. ಆಮೇಲೆ ಎರಡು ವರ್ಷ ನೀವು ಏನು ಹೇಳಿದರೂ ಎದುರಿನವರು ಆ ಎರಡು ಪದವನ್ನೇ ತೋರಿಸುತ್ತಾರೆ.

ನಮ್ಮ ಕೊಡಗಿನವರಿಗೆ ಇನ್ನೊಂದು ತಲೆನೋವು ಜಾಸ್ತಿ. ಇಲ್ಲಿನ ರಸ್ತೆ, ಮಳೆ, ಇಲಿ ಎಲ್ಲವೂ ಕಂಪನಿಯವರಿಗೆ ರೆಡಿಮೇಡ್ ನೆಪ. "ಸಾರ್, ನೀವು ಘಾಟಿಯಲ್ಲಿ ಬ್ರೇಕ್ ತುಳಿದುಕೊಂಡೇ ಇಳಿಸಿರಬೇಕು." "ನಿಮ್ಮ ತೋಟದ ರೋಡು ಹಾಗಿದೆ ಸಾರ್." "ಕನೆಕ್ಟರಿಗೆ ನೀರು ಹೋಗಿದೆ, ಅದು ವಾರಂಟಿಗೆ ಬರಲ್ಲ." ಕಕ್ಕಡ ತಿಂಗಳ ಮಳೆಯಲ್ಲಿ ಈ ಮಾತು ಕೇಳದ ಕಾರಿನವರು ಮಡಿಕೇರಿಯಲ್ಲಿ ಸಿಗುವುದು ಕಷ್ಟ. ಕೆಲವು ಸಲ ಅದು ನಿಜವೂ ಆಗಿರುತ್ತದೆ, ಇಲ್ಲ ಅನ್ನೋಕಾಗಲ್ಲ. ಆದರೆ ನಿಜ ಯಾವುದು, ನೆಪ ಯಾವುದು ಅಂತ ಕಾಗದದಲ್ಲಿ ಬೇರೆ ಮಾಡುವ ಕೆಲಸ ನಿಮ್ಮ ತಲೆ ಮೇಲೇ ಬರುತ್ತದೆ.

ಮೊದಲು ಜೀವ, ಆಮೇಲೆ ಫೋಟೋ

ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ಇಳಿಜಾರಿನಲ್ಲೋ ಎಂಜಿನ್ ಆಫ್ ಆಯಿತು ಅಂದುಕೊಳ್ಳಿ. ಬ್ರೇಕ್ ಪೂರ್ತಿ ಹೋಗಿಲ್ಲ. ಪೆಡಲ್ ಹಗುರ ಮಾಡುವ ಬೂಸ್ಟರಿನಲ್ಲಿ ಉಳಿದಿರುವ ವ್ಯಾಕ್ಯೂಮ್ ಒಂದೆರಡು ಸಲ ತುಳಿಯುವಷ್ಟು ಸಹಾಯ ಮಾಡುತ್ತದೆ, ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಗಲೂ ಬಲವಾಗಿ ಒತ್ತಿದರೆ ಹಿಡಿಯುತ್ತದೆ. ಅದಕ್ಕೇ ಪಂಪ್ ಮಾಡುತ್ತಾ ಕೂರಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸ್ಟಿಯರಿಂಗ್ ಭಾರ ಆಗುತ್ತದೆ, ಆದರೆ ತಿರುಗುತ್ತದೆ. ಗಾಡಿ ಇನ್ನೂ ಉರುಳುತ್ತಿರುವಾಗ ಕೀ ಹೊರಗೆ ಎಳೆಯಲೇಬೇಡಿ, ಸ್ಟಿಯರಿಂಗ್ ಲಾಕ್ ಆದರೆ ಕತೆ ಮುಗಿಯಿತು. ಬ್ರೇಕೇ ಇಲ್ಲ ಅನ್ನಿಸಿದರೆ ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್ ಬ್ರೇಕ್ ನಿಧಾನವಾಗಿ ಎಳೆಯಿರಿ, ಏನೂ ಆಗದಿದ್ದರೆ ಕಣಿವೆ ಬದಿ ಬಿಟ್ಟು ದರೆ ಬದಿಗೆ ಉಜ್ಜಿ ನಿಲ್ಲಿಸಿ. ಬಂಪರ್ ಹೋದರೆ ಹೋಗಲಿ.

ನಿಂತ ಮೇಲೆ ಎಲ್ಲರನ್ನೂ ಇಳಿಸಿ, ತಿರುವಿನಿಂದ ದೂರ ನಿಲ್ಲಿಸಿ, ತ್ರಿಕೋನದ ಬೋರ್ಡ್ ಇಡಿ. ಮಂಜು ಇದ್ದರೆ ಬೋರ್ಡ್ ಇನ್ನಷ್ಟು ಹಿಂದೆ ಇಡಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಯಾರಿಗಾದರೂ ಪೆಟ್ಟಾಗಿದ್ದರೆ 112.

ಈಗ ಫೋನ್ ತೆಗೆಯಿರಿ. ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿರುವ ಲೈಟುಗಳ ವಿಡಿಯೋ ಮಾಡಿ. ಅದೇ ವಿಡಿಯೋದಲ್ಲಿ ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದೂ ಕಾಣಲಿ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಕೆಲವು ಲೈಟು ಮಾಯವಾಗುತ್ತವೆ, ಹಾಗಾಗಿ ಮೊದಲು ವಿಡಿಯೋ, ಆಮೇಲೆ ಸ್ಟಾರ್ಟ್ ಮಾಡುವ ಪ್ರಯತ್ನ. ಹಾಗೇ ನಾಲ್ಕು ಚಕ್ರ, ಕೆಳಗೆ ಏನಾದರೂ ಸೋರಿದೆಯಾ, ರಸ್ತೆಯ ಇಳಿಜಾರು, ಎಲ್ಲ ತೆಗೆದುಕೊಳ್ಳಿ. ಒರಿಜಿನಲ್ ಫೈಲನ್ನು ಫೋನಿನಲ್ಲೇ ಉಳಿಸಿ. ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೋ ಕುಗ್ಗಿಬಿಡುತ್ತದೆ, ಯಾವಾಗ ತೆಗೆದದ್ದು ಅನ್ನುವ ವಿವರವೂ ಅದರ ಜೊತೆ ಹೋಗುವುದಿಲ್ಲ.

ಕಾಲಿಗೆ ಏನು ಗೊತ್ತಾಯಿತು, ಅದನ್ನೇ ಬರೆಯಿರಿ

"ಬ್ರೇಕ್ ಫೇಲ್ ಆಯ್ತು" ಅನ್ನುವ ಮಾತಿನಲ್ಲಿ ಮೆಕ್ಯಾನಿಕ್‌ಗೆ ಏನೂ ಸಿಗುವುದಿಲ್ಲ. ಪೆಡಲ್ ಹೇಗಿತ್ತು ಅನ್ನುವುದು ಮುಖ್ಯ. ಪೆಡಲ್ ಗಟ್ಟಿಯಾಗಿಯೇ ಇತ್ತು, ಆದರೆ ಗಾಡಿ ನಿಲ್ಲಲಿಲ್ಲ, ಸುಟ್ಟ ವಾಸನೆ ಬಂತು ಅಂದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿರಬಹುದು. ಇದು ಓಡಿಸುವ ರೀತಿಯಿಂದಲೂ ಆಗುತ್ತದೆ. ನ್ಯೂಟ್ರಲ್ಲಿನಲ್ಲಿ ಘಾಟಿ ಇಳಿಸುವವರಿಗೆ ಪ್ರತಿ ವರ್ಷ ಆಗುವ ಕತೆ ಇದು. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲಕ್ಕೆ ಹೋಯಿತು ಅಂದರೆ ಬ್ರೇಕ್ ಆಯಿಲ್ ಕುದಿದಿದೆ, ಇಲ್ಲ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲ ಎಲ್ಲೋ ಸೋರುತ್ತಿದೆ, ಇಲ್ಲ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಎಂಜಿನ್ ಓಡುತ್ತಿರುವಾಗಲೇ ಪೆಡಲ್ ಕಲ್ಲಾಯಿತು ಅಂದರೆ ಬೂಸ್ಟರ್ ಅಥವಾ ವ್ಯಾಕ್ಯೂಮ್ ಕಡೆ ನೋಡಬೇಕು. ಈ ಕೊನೆಯದನ್ನು ನಿಮ್ಮ ಓಡಿಸುವ ರೀತಿಯ ಮೇಲೆ ಹಾಕುವುದು ಅವರಿಗೆ ಅಷ್ಟು ಸುಲಭ ಅಲ್ಲ, ಹಾಗಾಗಿ ಎಂಜಿನ್ ಆನ್ ಇತ್ತಾ ಆಫ್ ಇತ್ತಾ ಅನ್ನುವುದನ್ನು ಮರೆಯದೆ ಬರೆಯಿರಿ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಮಾನದಂಡ ಕೇಳುವುದೇ ಬರೀ 155 ಡಿಗ್ರಿ. ನಮ್ಮ ಮಳೆಗಾಲ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ನೀವು ಅದನ್ನು ಟೈಮಿಗೆ ಬದಲಾಯಿಸಿದ್ದರೆ ಆ ಬಿಲ್ ಹುಡುಕಿ ಇಟ್ಟುಕೊಳ್ಳಿ, ಕಂಪನಿಯವರ ಮೊದಲ ಪ್ರಶ್ನೆಯೇ ಅದು. ಬದಲಾಯಿಸಿಲ್ಲ ಅಂದರೆ ನಿಮ್ಮ ಕೇಸು ಅಲ್ಲೇ ಅರ್ಧ ಸಡಿಲವಾಯಿತು.

ಜಾಬ್ ಕಾರ್ಡ್

ಸರ್ವೀಸ್ ಅಡ್ವೈಸರ್ ಕಂಪ್ಯೂಟರಿನಲ್ಲಿ ಪಟಪಟ ಟೈಪ್ ಮಾಡಿ, ಪ್ರಿಂಟ್ ಕೊಟ್ಟು, ಸಹಿ ಮಾಡಿ ಸಾರ್ ಅಂತಾನೆ. ಓದಿ. 'ಜನರಲ್ ಚೆಕಪ್, ಬ್ರೇಕ್ ನಾಯ್ಸ್' ಅಂತ ಇದ್ದರೆ ಸಹಿ ಹಾಕಬೇಡಿ. ನೀವು ಹೇಳಿದ ಮಾತು ನಿಮ್ಮ ಮಾತಿನಲ್ಲೇ ಇರಬೇಕು. ಅವರ ಸಾಫ್ಟ್‌ವೇರಿನಲ್ಲಿ ಜಾಗ ಇಲ್ಲ ಅಂದರೆ ಪ್ರಿಂಟಿನ ಮೇಲೆ ಪೆನ್ನಿನಲ್ಲಿ ಬರೆದು, ಎರಡೂ ಪ್ರತಿಗೆ ಇಬ್ಬರೂ ಸಹಿ ಹಾಕಿ. ಈ ಥರ:

'ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ, ಎರಡನೇ ಗೇರ್, ಎಂಜಿನ್ ಆನ್ ಇತ್ತು, ಮಳೆ ಇತ್ತು. ಬ್ರೇಕ್ ಪೆಡಲ್ ಒಮ್ಮೆಲೇ ಮೆತ್ತಗಾಗಿ ನೆಲಕ್ಕೆ ಹೋಯಿತು. ಎಬಿಎಸ್ ಲೈಟ್ ಉರಿಯಿತು. ಸುಟ್ಟ ವಾಸನೆ ಇರಲಿಲ್ಲ. ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿದೆ. ವಿಡಿಯೋ ಇದೆ. ಇದು ಸುರಕ್ಷತೆಯ ದೂರು.'

ದಿನಾಂಕ, ಹೊತ್ತು, ಕಿಲೋಮೀಟರ್ ಇದ್ದರೆ ಸಾಕು. ಸಿಟ್ಟು, ಬೈಗುಳ, 'ನಿಮ್ಮ ಕಂಪನಿ ಮೋಸದ ಕಂಪನಿ' ಇವೆಲ್ಲ ಬೇಡ. ಅದನ್ನು ಓದುವವರು ಮುಂದೆ ಗ್ರಾಹಕರ ಆಯೋಗದ ಸದಸ್ಯರಾಗಿರಬಹುದು, ಅಲ್ವಾ?

ಇದಕ್ಕಿಂತ ಜಾಸ್ತಿ ಜನ ತಪ್ಪಿಸಿಕೊಳ್ಳುವ ವಿಷಯ ಸ್ಕ್ಯಾನರ್. ಕಾರಿನ ಕಂಪ್ಯೂಟರ್ ತನಗೆ ಗೊತ್ತಾದ ದೋಷವನ್ನು ಕೋಡ್ ಆಗಿ ಉಳಿಸಿಕೊಳ್ಳುತ್ತದೆ. ಎಷ್ಟೋ ಕೋಡುಗಳ ಜೊತೆಗೆ ಆ ಕ್ಷಣದ ಸ್ಪೀಡ್, ಎಂಜಿನ್ ಆರ್‌ಪಿಎಂ, ಎಂಜಿನ್ ಬಿಸಿ ಎಷ್ಟಿತ್ತು ಅನ್ನುವ ಲೆಕ್ಕವೂ ಇರುತ್ತದೆ. ಇದನ್ನು ಫ್ರೀಜ್ ಫ್ರೇಮ್ ಅಂತಾರೆ. ನೀವು ನ್ಯೂಟ್ರಲ್ಲಿನಲ್ಲಿ ಹಾರಿಸಿಕೊಂಡು ಬಂದಿರಾ, ಮೂವತ್ತರಲ್ಲಿ ಬಂದಿರಾ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಟೆಕ್ನಿಷಿಯನ್ ಮಾಡುವ ಮೊದಲ ಕೆಲಸ ಅದನ್ನು ಓದುವುದು, ಎರಡನೇ ಕೆಲಸ ಅಳಿಸುವುದು. ಕೆಟ್ಟ ಉದ್ದೇಶ ಇರಬೇಕಾಗಿಲ್ಲ, ಅವರ ರೂಢಿಯೇ ಹಾಗೆ. ಅಳಿಸಿದ ಮೇಲೆ ಲೈಟ್ ಆರುತ್ತದೆ, "ಎಲ್ಲ ಓಕೆ ಸಾರ್" ಅಂತ ಗಾಡಿ ಕೊಡುತ್ತಾರೆ, ನಿಮ್ಮ ಸಾಕ್ಷಿ ಹೋಯಿತು. ಹಾಗಾಗಿ ಕೋಡ್ ಅಳಿಸುವ ಮೊದಲು ಸ್ಕ್ಯಾನರ್ ರಿಪೋರ್ಟಿನ ಪ್ರಿಂಟ್ ಬೇಕು ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ. ಪ್ರಿಂಟ್ ಕೊಡಲ್ಲ ಅಂದರೆ ಸ್ಕ್ರೀನಿನ ಫೋಟೋ ಆದರೂ ತೆಗೆದುಕೊಳ್ಳಿ. ಇದೇ ಕಾರಣಕ್ಕೆ ಊರಿನ ಗ್ಯಾರೇಜಿನಲ್ಲಿ ಮೊದಲೇ ಸ್ಕ್ಯಾನರ್ ಹಾಕಿಸಿ ಲೈಟ್ ಆರಿಸಿಕೊಂಡು ಹೋಗಬೇಡಿ.

ನಮ್ಮಲ್ಲಿ ದೊಡ್ಡ ರಿಪೇರಿ ಅಂದರೆ ಎಷ್ಟೋ ಗಾಡಿ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ಅವರು ಅಲ್ಲಿನ ಸಮ ರಸ್ತೆಯಲ್ಲಿ ಒಂದು ರೌಂಡ್ ಹಾಕಿ 'ದೋಷ ಕಂಡುಬಂದಿಲ್ಲ' ಅಂತ ಹೇಳುತ್ತಾರೆ. ಕಂಡುಬರುವುದಾದರೂ ಹೇಗೆ, ಅಲ್ಲಿ ಇಳಿಜಾರೇ ಇಲ್ಲವಲ್ಲ! ಟ್ರಯಲ್ ಎಲ್ಲಿ ಮಾಡಿದರು, ಎಷ್ಟು ದೂರ ಮಾಡಿದರು ಅಂತ ಬರೆದು ಕೊಡಿ ಅನ್ನಿ. ಬಾಯಿಮಾತಿಗೆ ಒಪ್ಪಬೇಡಿ. 'ದೋಷ ಕಂಡುಬಂದಿಲ್ಲ' ಅನ್ನುವ ಕಾಗದವೂ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ, ಅದೇ ದೋಷ ಮತ್ತೆ ಬಂದಾಗ. ಒಂದೇ ತೊಂದರೆಗೆ ಮೇಲಿಂದ ಮೇಲೆ ಹೋದ ಜಾಬ್ ಕಾರ್ಡುಗಳು ಸಾಲಾಗಿ ಇದ್ದರೆ ತಯಾರಿಕೆಯ ದೋಷ ಅಂತ ವಾದಿಸಲು ಅದು ದೊಡ್ಡ ಬಲ.

ಗಾಡಿ ವಾಪಸ್ ತಗೊಳ್ಳುವಾಗ 'ಕೆಲಸ ತೃಪ್ತಿಕರ' ಅನ್ನುವ ಜಾಗದಲ್ಲಿ ಸುಮ್ನೆ ಸಹಿ ಹಾಕಬೇಡಿ, ಕೆಲವು ಕಡೆ ಅದಕ್ಕೆ ಫೋನಿಗೆ ಒಟಿಪಿ ಬರುತ್ತದೆ. 'ಘಾಟಿಯಲ್ಲಿ ಓಡಿಸಿ ನೋಡಿಲ್ಲ, ದೂರು ಬಾಕಿ ಇದೆ' ಅಂತ ಬರೆದು ಸಹಿ ಹಾಕಿ. ಬದಲಾಯಿಸಿದ ಹಳೆ ಪಾರ್ಟ್ ತೋರಿಸಲು ಹೇಳಿ. ವಾರಂಟಿಯಲ್ಲಿ ಬದಲಾಯಿಸಿದ್ದು ಕಂಪನಿಗೆ ವಾಪಸ್ ಹೋಗುತ್ತದೆ, ನಿಮಗೆ ಕೊಡುವುದಿಲ್ಲ. ಅದಕ್ಕೇ ಪಾರ್ಟ್ ನಂಬರ್ ಕಾಣುವ ಹಾಗೆ ಫೋಟೋ ತೆಗೆಯಿರಿ.

ಮಂಜಿಗೆ ಅಂತ ಹೊರಗೆ ಫಾಗ್ ಲ್ಯಾಂಪ್ ಹಾಕಿಸುವವರು ನಮ್ಮಲ್ಲಿ ಬಹಳ. ಹಾಕಿಸಿ, ಬೇಡ ಅನ್ನಲ್ಲ. ಆದರೆ ವೈರ್ ಕಟ್ ಮಾಡಿ ಟೇಪ್ ಸುತ್ತಿದ ಕೆಲಸ ಬೇಡ, ರಿಲೇ ಮತ್ತು ಕಪ್ಲರ್ ಇರುವ ಕಿಟ್ ಹಾಕಿಸಿ ಬಿಲ್ ಇಟ್ಟುಕೊಳ್ಳಿ. ವೈರ್ ಕಟ್ ಆಗಿರುವುದು ಕಂಡರೆ ಎಂಜಿನ್ ಆಫ್ ಆದದ್ದಕ್ಕೂ ಏರ್‌ಬ್ಯಾಗ್ ಲೈಟಿಗೂ ಅದೇ ಕಾರಣ ಅಂತ ಕೈತೊಳೆದುಕೊಳ್ಳುತ್ತಾರೆ. ಇಲಿ ಕಚ್ಚಿದ್ದರೆ ಅದು ವಾರಂಟಿ ವಿಷಯ ಅಲ್ಲ, ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ.

ಇಮೇಲ್, ಮತ್ತೆ ಎರಡು ದಾರಿ

ಗಾಡಿ ಬಿಟ್ಟ ದಿನವೇ ಇಮೇಲ್ ಮಾಡಿ. ಡೀಲರಿನ ಸರ್ವೀಸ್ ಮ್ಯಾನೇಜರ್ ಮತ್ತು ಕಂಪನಿಯ ಕಸ್ಟಮರ್ ಕೇರ್, ಇಬ್ಬರಿಗೂ ಒಂದೇ ಇಮೇಲ್. ಕನ್ನಡದಲ್ಲೇ ಬರೆದರೂ ನಡೆಯುತ್ತದೆ, ಆದರೆ ಹೆಡ್ಡಾಫೀಸಿನವರು ಬೇಗ ಓದಲಿ ಅಂದರೆ ಇಂಗ್ಲಿಷಿನಲ್ಲೂ ಒಂದು ಪ್ರತಿ ಹಾಕಿ. ಗಾಡಿ ನಂಬರ್, ಚಾಸಿ ನಂಬರ್, ಏನಾಯಿತು, ಜಾಬ್ ಕಾರ್ಡ್ ನಂಬರ್. ಆಮೇಲೆ ಮೂರು ಪ್ರಶ್ನೆ: ಕಾರಣ ಏನು, ಏನು ಸರಿ ಮಾಡಿದಿರಿ, ಈ ಗಾಡಿ ಘಾಟಿಯಲ್ಲಿ ಓಡಿಸಲು ಸುರಕ್ಷಿತ ಅಂತ ಬರೆದು ಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ಉತ್ತರ ಬರೆಯಲು ಯಾರೂ ಇಷ್ಟಪಡಲ್ಲ. ಅದಕ್ಕೇ ಕೇಳಿ. ಉತ್ತರಕ್ಕೆ ಹದಿನೈದು ದಿನ ಕೊಡಿ.

ಇಲ್ಲಿಂದ ದಾರಿ ಎರಡಾಗುತ್ತದೆ. ಒಂದು, ನಿಮ್ಮ ಗಾಡಿ ಸರಿಯಾಗಬೇಕು ಅಥವಾ ಪರಿಹಾರ ಸಿಗಬೇಕು. ಇನ್ನೊಂದು, ಆ ಮಾಡೆಲ್ಲಿನ ಎಲ್ಲ ಗಾಡಿಗಳಲ್ಲೂ ಇರುವ ದೋಷವನ್ನು ಸರ್ಕಾರದ ಗಮನಕ್ಕೆ ತರಬೇಕು. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಒಂದು ಕಡೆ ದೂರು ಕೊಟ್ಟರೆ ಇನ್ನೊಂದು ತಾನಾಗಿ ಆಗುವುದಿಲ್ಲ, ಎರಡನ್ನೂ ಮಾಡಬೇಕು.

ಎರಡನೆಯದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅದು ಬೇಗ ಮುಗಿಯುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಾಗ 110ಎ ಅಂತ ಹೊಸ ಸೆಕ್ಷನ್ ಬಂತು. ಜನರಿಗೆ ಅಥವಾ ಪರಿಸರಕ್ಕೆ ಅಪಾಯ ತರುವ ದೋಷ ಇದ್ದರೆ ಗಾಡಿಗಳನ್ನು ವಾಪಸ್ ಕರೆಸಿ (ಇದೇ ರೀಕಾಲ್) ಅಂತ ಕೇಂದ್ರ ಸರ್ಕಾರ ಕಂಪನಿಗೆ ಆದೇಶ ಮಾಡಬಹುದು. ಇದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಏಳು ವರ್ಷದೊಳಗಿನ ಗಾಡಿಗೆ ಅನ್ವಯಿಸುತ್ತದೆ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಮಾಲೀಕರು ದೂರು ಹಾಕಲು ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ವೆಬ್‌ಸೈಟಿನಲ್ಲಿ ವಾಹನ ರೀಕಾಲ್ ಅಂತಲೇ ಬೇರೆ ಜಾಗ ಇದೆ. ಎಷ್ಟು ದೂರು ಬಂದರೆ ಕ್ರಮ ಅನ್ನುವುದಕ್ಕೆ ಮಾರಾಟದ ಲೆಕ್ಕದ ಮೇಲೆ ಒಂದು ಮಿತಿ ಇಟ್ಟಿದ್ದಾರೆ. ಜಾಸ್ತಿ ಮಾರಾಟವಾಗುವ ಕಾರಿಗೆ ಸಾವಿರಕ್ಕಿಂತ ಹೆಚ್ಚು ದೂರು ಬೇಕು. ನನ್ನ ಒಬ್ಬನ ದೂರಿನಿಂದ ಏನಾಗುತ್ತೆ ಅಂತ ಎಲ್ಲರೂ ಸುಮ್ಮನೆ ಕೂತರೆ ಆ ಲೆಕ್ಕ ತುಂಬುವುದೇ ಇಲ್ಲ. ನಿಮ್ಮದೇ ಮಾಡೆಲ್ ಇರುವ ಪರಿಚಯದವರಿಗೆ ಇದೇ ತೊಂದರೆ ಇದ್ದರೆ ಅವರಿಂದಲೂ ಹಾಕಿಸಿ.

ಚಾಸಿ ನಂಬರ್ ತುಂಬುವಾಗ ಒಂದು ಉಪಾಯ. ಅದರಲ್ಲಿ 17 ಅಕ್ಷರ ಮತ್ತು ಅಂಕಿ ಇರುತ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಅದರಲ್ಲಿ ಬರುವುದೇ ಇಲ್ಲ, ಅಂಕಿಗಳ ಜೊತೆ ಗೊಂದಲ ಆಗಬಾರದು ಅಂತ. ಹಾಗಾಗಿ ದುಂಡಗೆ ಕಂಡರೆ ಅದು ಸೊನ್ನೆ, ಕಡ್ಡಿಯಂತೆ ಕಂಡರೆ ಒಂದು. ನಂಬರ್ ತಪ್ಪು ಅಂತ ಬರುವುದಕ್ಕೆ ಇದೇ ಕಾರಣ ಇರಬಹುದು.

ದೂರು ಹಾಕುವ ಮೊದಲು ಕಂಪನಿ ತಾನಾಗಿಯೇ ರೀಕಾಲ್ ಮಾಡಿದೆಯಾ ನೋಡಿ. ಬಹಳಷ್ಟು ಕಂಪನಿಗಳ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿದರೆ ಗೊತ್ತಾಗುತ್ತದೆ. 2020ರ ಜುಲೈಯಲ್ಲಿ ಫ್ಯೂಯೆಲ್ ಪಂಪ್ ತೊಂದರೆಗೆ ಮಾರುತಿ 1,34,885 ವ್ಯಾಗನ್ಆರ್ ಮತ್ತು ಬಲೆನೋ ಗಾಡಿಗಳನ್ನು ಕರೆಸಿತ್ತು. 2021ರ ಮೇ ತಿಂಗಳಲ್ಲಿ ಇಗ್ನಿಷನ್ ಕಾಯಿಲ್ ತೊಂದರೆಗೆ ರಾಯಲ್ ಎನ್‌ಫೀಲ್ಡ್ 2,36,966 ಬೈಕುಗಳನ್ನು ಕರೆಸಿತ್ತು. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್ ವಿಷಯ ಪ್ರಪಂಚಕ್ಕೇ ಗೊತ್ತು. ಬಿಸಿ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದು ಒಳಗಿನ ರಾಸಾಯನಿಕ ಹಾಳಾಗುತ್ತಿತ್ತು, ಏರ್‌ಬ್ಯಾಗ್ ಬಿಚ್ಚುವಾಗ ಲೋಹದ ಚೂರು ಸಿಡಿಯುತ್ತಿತ್ತು. ಹಳೆ ಕಾರು ಇಟ್ಟುಕೊಂಡವರು ಒಮ್ಮೆ ಚೆಕ್ ಮಾಡಿದರೆ ಕಳೆದುಕೊಳ್ಳುವುದೇನಿಲ್ಲ, ರೀಕಾಲ್ ಕೆಲಸಕ್ಕೆ ದುಡ್ಡು ತಗೊಳ್ಳುವುದಿಲ್ಲ.

ಮಡಿಕೇರಿಯಲ್ಲೇ ಕೇಸು ಹಾಕಬಹುದು

ಇಮೇಲಿಗೆ ಉತ್ತರ ಬರಲಿಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ಮಾತಾಡಬಹುದು. ಅವರು ಕಂಪನಿಗೆ ದೂರು ಕಳಿಸಿ ಉತ್ತರ ಕೇಳುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗೆ ಇಲ್ಲ. ಆದರೂ ಸಣ್ಣಪುಟ್ಟ ವಿಷಯ ಇಲ್ಲೇ ಬಗೆಹರಿಯುವುದುಂಟು. ಅವರು ಕೊಡುವ ದೂರಿನ ನಂಬರ್ (ಡಾಕೆಟ್ ನಂಬರ್) ಬರೆದಿಟ್ಟುಕೊಳ್ಳಿ.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ಎಲ್ಲಿ ವಾಸ ಇದ್ದೀರೋ ಅಲ್ಲೇ ಕೇಸು ಹಾಕಬಹುದು. ಕಾರು ಮೈಸೂರಿನಲ್ಲಿ ತಗೊಂಡಿದ್ದರೂ, ಕಂಪನಿ ಚೆನ್ನೈಯಲ್ಲಿದ್ದರೂ, ನೀವು ಗೋಣಿಕೊಪ್ಪದವರಾದರೆ ಮಡಿಕೇರಿಯ ಆಯೋಗ ಸಾಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು. ಫೀಸು 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ಆನ್‌ಲೈನಿನಲ್ಲೂ ಹಾಕಬಹುದು, ವಿಡಿಯೋ ಮೂಲಕ ವಿಚಾರಣೆ ಕೇಳುವ ಅವಕಾಶವೂ ಇದೆ. ಜುಲೈಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇದ್ದರೆ ಅನ್ನಿ. ವಕೀಲರು ಕಡ್ಡಾಯ ಅಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು, ಇದನ್ನು ಮರೆಯಬೇಡಿ. "ನೋಡೋಣ ಸಾರ್, ಹೆಡ್ಡಾಫೀಸಿಗೆ ಹೇಳಿದ್ದೇವೆ" ಅಂತ ದಿನ ತಳ್ಳುವವರು ಇದ್ದೇ ಇರುತ್ತಾರೆ.

ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರು ಮಾಡಿ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಜಾರಿಕೊಳ್ಳುತ್ತಾರೆ. ಗಾಡಿಯನ್ನು ಮಾನ್ಯತೆ ಇರುವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಅಂತ ಆಯೋಗಕ್ಕೆ ಅರ್ಜಿ ಕೊಡಬಹುದು. ಪರೀಕ್ಷೆಯ ಖರ್ಚು ಮೊದಲು ನೀವೇ ಕಟ್ಟಬೇಕಾಗಬಹುದು. ಪರೀಕ್ಷೆ ಇಲ್ಲದ ಕೇಸು ಮೂರು ತಿಂಗಳಲ್ಲಿ, ಪರೀಕ್ಷೆ ಇದ್ದರೆ ಐದು ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆ ಹೇಳುತ್ತದೆ. ಹೇಳುತ್ತದೆ ಅಷ್ಟೇ, ಅದನ್ನೇ ನಂಬಿ ಕೂರಬೇಡಿ.

ಬಾಡಿಗೆ ಓಡಿಸುವವರು ಗಮನಿಸಿ. ವ್ಯಾಪಾರಕ್ಕೆ ತಗೊಂಡ ಗಾಡಿಗೆ ಈ ಕಾಯ್ದೆ ಅನ್ವಯಿಸಲ್ಲ ಅಂತ ಎದುರಿನವರು ವಾದಿಸುತ್ತಾರೆ. ಆದರೆ ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಅಂತ ತಗೊಂಡಿದ್ದರೆ ನೀವೂ ಗ್ರಾಹಕರೇ. ಮಾಂದಲಪಟ್ಟಿಗೆ ತಾವೇ ಜೀಪ್ ಓಡಿಸಿ ಮನೆ ನಡೆಸುವವರು ಈ ಮಾತನ್ನು ದೂರಿನ ಮೊದಲ ಪುಟದಲ್ಲೇ ಬರೆಯಬೇಕು. ಎಸ್ಟೇಟ್ ಕಂಪನಿಯ ಹೆಸರಿನಲ್ಲಿರುವ ಗಾಡಿಗೆ ಇದು ಅಷ್ಟು ಸುಲಭ ಅಲ್ಲ, ಅಲ್ಲಿ ವಕೀಲರನ್ನು ಕೇಳಿಯೇ ಮುಂದೆ ಹೋಗಿ.

ಏನು ಕೇಳಬೇಕು? ಹೊಸ ಕಾರೇ ಬೇಕು ಅಂತ ಎಲ್ಲರೂ ಶುರು ಮಾಡುತ್ತಾರೆ. ಒಂದು ಪಾರ್ಟ್ ಬದಲಾಯಿಸಿದರೆ ಸರಿಹೋಗುವ ದೋಷಕ್ಕೆ ಪೂರ್ತಿ ಕಾರು ಕೊಡಿಸುವುದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಹಾಗಂತ ಬಾಗಿಲು ಮುಚ್ಚಿಲ್ಲ. ಮುಂದಿನಿಂದ ಗುದ್ದಿದರೂ ಏರ್‌ಬ್ಯಾಗ್ ಬಿಚ್ಚದ ಒಂದು ಕೇಸಿನಲ್ಲಿ 2022ರ ಏಪ್ರಿಲ್‌ನಲ್ಲಿ ಅದೇ ಕೋರ್ಟ್ ಕಾರು ಬದಲಾಯಿಸಿ ಕೊಡುವ ಆದೇಶವನ್ನು ಎತ್ತಿಹಿಡಿಯಿತು. ಡಿಕ್ಕಿಯ ಬಲ ಸಾಕಾಗಲಿಲ್ಲ ಅನ್ನುವ ವಾದಕ್ಕೆ, ವೇಗ ಮತ್ತು ಬಲದ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಅನ್ನುವ ಅರ್ಥದ ಮಾತನ್ನು ಕೋರ್ಟ್ ಹೇಳಿತು. ಹಾಗಾಗಿ ಮೊದಲು ಬದಲಿ ಕಾರು, ಅದು ಆಗದಿದ್ದರೆ ಪೂರ್ತಿ ರಿಪೇರಿ ಜೊತೆ ಹೆಚ್ಚಿನ ವಾರಂಟಿ, ಖರ್ಚು, ಪರಿಹಾರ ಅಂತ ಒಂದರ ಕೆಳಗೆ ಒಂದು ಕೇಳಿ. ಮಧ್ಯದಲ್ಲಿ ಕಂಪನಿಯವರು 'ಗುಡ್‌ವಿಲ್' ಅಂತ ಅರ್ಧ ಖರ್ಚು ಕೊಡಲು ಬಂದರೆ, ಮುಂದೆ ಯಾವ ದೂರೂ ಇಲ್ಲ ಅನ್ನುವ ಸಾಲು ಅದರಲ್ಲಿ ಇದೆಯಾ ಓದಿ.

ಅಪಘಾತವೇ ಆಗಿ ಪೊಲೀಸ್ ಕೇಸು ಆಗಿದ್ದರೆ ಆರ್‌ಟಿಒ ಕಚೇರಿಯ ಮೋಟಾರು ವಾಹನ ನಿರೀಕ್ಷಕರು ಬಂದು ಗಾಡಿ ನೋಡುತ್ತಾರೆ. ಅವರ ವರದಿಯಲ್ಲಿ ಅಪಘಾತ ಯಾಂತ್ರಿಕ ದೋಷದಿಂದ ಆಗಿದೆಯೋ ಇಲ್ಲವೋ ಅಂತ ಒಂದು ಸಾಲು ಇರುತ್ತದೆ. 'ಇಲ್ಲ' ಅಂತ ಬಂದರೆ ನಿಮ್ಮ ಕೇಸಿಗೆ ಅದು ದೊಡ್ಡ ಅಡ್ಡಿ. ಅವರು ಬರುವ ಮೊದಲೇ ನಿಮ್ಮ ವಿಡಿಯೋ, ಹಳೆ ಜಾಬ್ ಕಾರ್ಡುಗಳ ಪ್ರತಿ ಪೊಲೀಸರಿಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಇನ್ಶೂರೆನ್ಸ್ ಸರ್ವೇಯರ್ ನೋಡುವವರೆಗೆ ಗಾಡಿ ಬಿಚ್ಚಲು ಬಿಡಬೇಡಿ.

ಸೆಕೆಂಡ್ ಹ್ಯಾಂಡ್ ತಗೊಂಡವರು ಆರ್‌ಸಿ ಬೇಗ ನಿಮ್ಮ ಹೆಸರಿಗೆ ಮಾಡಿಸಿ, ಮೊಬೈಲ್ ನಂಬರ್ ಕೂಡ ಅಪ್‌ಡೇಟ್ ಮಾಡಿಸಿ. ಇಲ್ಲದಿದ್ದರೆ ರೀಕಾಲ್ ಸುದ್ದಿ ಹಳೆ ಮಾಲೀಕರಿಗೆ ಹೋಗುತ್ತದೆ, ಅವರು ಬೆಂಗಳೂರಿನಲ್ಲಿ ಕೂತು ಮೆಸೇಜ್ ಡಿಲೀಟ್ ಮಾಡುತ್ತಾರೆ.